ಹೊಂಗೆ ಚಿಗುರಿದ ವಾರ

ಪ್ಲಾಸ್ಟರ್ ಕತ್ತರಿಸಿದ ದಿನ
ಒಳಗಿಂದ ಹೊರಬಂದದ್ದು ನನ್ನ ಕಾಲಲ್ಲ,
ಯಾರದೋ.
ಬಿಳುಚಿ, ಸೊರಗಿ,
ಸೀಬೆಮರದ ತೊಗಟೆಯ ಹಾಗೆ ಸಿಪ್ಪೆ ಏಳುತ್ತಿತ್ತು.
"ನಿಧಾನಕ್ಕೆ ನಡೀರಿ" ಅಂದರು ಡಾಕ್ಟರು,
ಕಾಲಿಗೋ ನನಗೋ ತಿಳಿಯಲಿಲ್ಲ.

ಸಂಕ್ರಾಂತಿಯ ಹಿಂದಿನ ದಿನ
ಜೇಡರ ಬಲೆ ತೆಗೆಯಲು ಸ್ಟೂಲು ಹತ್ತಿದವಳು
ಎಳ್ಳು ಬೆಲ್ಲ ತಿಂದದ್ದು ಆಸ್ಪತ್ರೆಯ ಮಂಚದಲ್ಲಿ.
ಆಮೇಲೆ ಎಂಟು ವಾರ
ವಿನೋಬನಗರದ ಈ ಮೊದಲ ಮಹಡಿ,
ಒಂದು ಕಿಟಕಿ,
ಕಿಟಕಿಯಾಚೆ ಒಂದು ಹೊಂಗೆಮರ.

ಅದೂ ದಿನದಿಂದ ದಿನಕ್ಕೆ ಬೋಳಾಗುತ್ತಿತ್ತು.
ಬೀದಿ ಗುಡಿಸುವ ಸಣ್ಣಮ್ಮ ಬೆಳಗಾದರೆ
ಮರಕ್ಕೇ ಬೈಯುವಳು:
"ಒಂದೇ ಸಲ ಉದುರಿಸಿಬಿಡೆ ಮಾರಾಯ್ತಿ,
ಕಂತಿನಲ್ಲಿ ಯಾಕೆ?"

ಒಂದು ಮಂಗಳವಾರ ಎದ್ದು ನೋಡುತ್ತೇನೆ,
ರಾತ್ರಿ ಮಲಗುವಾಗ ಇರಲಿಲ್ಲ, ಆಣೆ,
ಇಡೀ ಮರ ಎಣ್ಣೆ ಸವರಿಕೊಂಡು ನಿಂತಿದೆ.
ಹಸಿರು ಅನ್ನಲೇ?
ಬಳೆ ಅಂಗಡಿಯಲ್ಲಿ ದೀಪ ಹಾಕಿದಾಗ ಮಾತ್ರ
ಕಾಣುತ್ತದಲ್ಲ, ಆ ಹಸಿರು.
ಸಣ್ಣಮ್ಮ ಪೊರಕೆ ಒರಗಿಸಿದಳು,
ನೆರಳು ಎಷ್ಟು ಬಂದಿದೆ ಅಂತ ಕಾಲಲ್ಲೇ ಅಳೆದಳು,
ಕೂತು ಎಲೆ ಅಡಿಕೆ ಹಾಕಿಕೊಂಡಳು.

ನನ್ನ ಮೊದಲ ಪ್ರವಾಸ ಗೇಟಿನವರೆಗೆ.
ಹದಿನಾಲ್ಕು ಮೆಟ್ಟಿಲು, ಹನ್ನೊಂದು ನಿಮಿಷ.
ನೈಟ್ ಡ್ಯೂಟಿ ಮುಗಿಸಿ ಬಂದ ಕೆಳಮನೆಯ ಜಸಿಂತಾ
ಸ್ಕೂಟರು ಹಿಡಿದು ಹಾಗೇ ಕಾದಳು.
ಚಪ್ಪಾಳೆ ತಟ್ಟಲಿಲ್ಲ, ಪುಣ್ಯ.
ಗೇಟಿನ ಬುಡದಲ್ಲಿ ಬೇವಿನ ಹೂವು
ರವೆಯ ಹಾಗೆ ಚೆಲ್ಲಿತ್ತು.
ಅಷ್ಟು ನೋಡಿ ವಾಪಸು ಬಂದೆ.

ಎರಡನೆಯದು ಗಾಂಧಿಬಜಾರು.
ಹಂಪು ಬಂದಲ್ಲೆಲ್ಲ ಆಟೋದ ಮುನೀರಣ್ಣ
ನನ್ನ ಪರವಾಗಿ ತಾನೇ "ಅಯ್ಯೋ" ಅನ್ನುತ್ತಿದ್ದ.
ಮಿಡಿ ಬಂದಿತ್ತು!
ರಿಪ್ಪನ್‌ಪೇಟೆ ಕಡೆಯ ಹೊಳೆಸಾಲಿನದಂತೆ.
ಗೋಣಿಯ ಮೇಲೆ ಕೂತಾಕೆ ತೊಟ್ಟು ಮುರಿದು
ಮೂಗಿನೆದುರು ಹಿಡಿದಳು.
ಎಂಟು ವಾರ ಡೆಟಾಲು, ಮುಲಾಮು
ಅಷ್ಟನ್ನೇ ಮೂಸಿದ ಮೂಗು,
ಸೊನೆಯ ಆ ಜೀರಿಗೆ ಘಾಟಿಗೆ
ಬಜಾರಿನ ನಡುವೆಯೇ ಕಣ್ಣು ತುಂಬಿಸಿತು.
"ಇನ್ನೂ ಖಾರವೇ ಹಾಕಿಲ್ಲ, ಆಗಲೇ ಕಣ್ಣೀರಾ?"
ಇನ್ನೂರು ಎಣಿಸಿ ಆರು ಹೆಚ್ಚಿಗೆ ಹಾಕಿದಳು.

ಮನೆಯಲ್ಲಿ,
ಉಪ್ಪಿನೊಳಗೆ ಮಿಡಿ ಸುಕ್ಕುಗಟ್ಟುತ್ತ,
ಕಾಲು ಸುಕ್ಕು ಬಿಡುತ್ತ.
ಮಂಚದಿಂದ ಜಾಡಿಗೆ, ಜಾಡಿಯಿಂದ ಮಂಚಕ್ಕೆ,
ದಿನಕ್ಕೆ ನಾಲ್ಕು ಸಲ ಮರದ ಸೌಟಿನಲ್ಲಿ ತಿರುವಿ ಬಂದೆ.
"ಭಾಳ ಸುಧಾರಿಸಿದೆ ಮೇಡಂ, ಯಾವ ವ್ಯಾಯಾಮ?"
ಅಂದ ಫಿಸಿಯೋಥೆರಪಿ ಹುಡುಗ.
ಅವನು ಹೇಳಿಕೊಟ್ಟದ್ದೇ ಅಂದೆ.

ಭಾನುವಾರ ಸಕ್ರೆಬೈಲು,
ಜಸಿಂತಾಳ ಸ್ಕೂಟರಿನ ಹಿಂದೆ ಒಂದೇ ಬದಿಗೆ ಕೂತು.
ಗಾಜನೂರು ದಾಟಿದ ಮೇಲೆ
ಮೈತುಂಬ ಕೆಂಪು ಚಿಗುರಿನ ಮರವೊಂದು.
"ಸಾಗಡೆ" ಅಂದೆ ಧೈರ್ಯವಾಗಿ;
ತಪ್ಪಿದ್ದರೂ ತಿದ್ದುವವರು ಅಲ್ಲಿರಲಿಲ್ಲ.

ಆನೆ ನೋಡಲು ಹೋದದ್ದು.
ದಾರಿಯಲ್ಲಿ ಎರಡು ಕಡೆ ಎಳನೀರು,
ಒಂದು ಕಡೆ ಸುಮ್ಮನೆ,
ತಲುಪುವಷ್ಟರಲ್ಲಿ ಆನೆಗಳು ಮಿಂದು ಕಾಡಿಗೆ ಹೊರಟಾಗಿತ್ತು.
ಟಿಕೆಟ್ ಕೌಂಟರಿನವನು ಗಡಿಯಾರ ತೋರಿಸಿದ.
ಹೆಲ್ಮೆಟ್ಟಿಗೆ ತಲೆಯಿಟ್ಟು
ಬೂರುಗದ ನೆರಳಲ್ಲಿ ಜಸಿಂತಾ ನಿದ್ದೆ ಹೋದಳು,
ವಾರದ ಐದು ರಾತ್ರಿಗಳನ್ನು ಒಟ್ಟಿಗೇ.
ಟಪ್ ಎಂದು ಬಿದ್ದ ಹೂವಿಗೂ ಏಳಲಿಲ್ಲ.

ಇಳಿದ ಹಿನ್ನೀರಿನ ಅಂಚಿಗೆ ನಾನೊಬ್ಬಳೇ ಹೋದೆ.
ಕೆಸರಲ್ಲಿ ಆನೆಹೆಜ್ಜೆಗಳು,
ದೊಡ್ಡ ಪರಾತದಷ್ಟು ಅಗಲ.
ಒಂದರಲ್ಲಿ ಇನ್ನೂ ನೀರಿತ್ತು,
ನೀರಲ್ಲಿ ಒಂದು ಜೀರುಂಡೆ
ಈಜುತ್ತಿತ್ತೋ, ಹೊರಬರಲು ಒದ್ದಾಡುತ್ತಿತ್ತೋ.
ಹುಲ್ಲುಕಡ್ಡಿ ಹಿಡಿದೆ, ಹತ್ತಿ ಹಾರಿಹೋಯಿತು.
ಖಾಲಿಯಾಯಿತಲ್ಲ ಅಂತ
ಚಪ್ಪಲಿ ಬಿಟ್ಟು
ಆ ಯಾರದೋ ಕಾಲನ್ನು ಅದರೊಳಗೆ ಇಟ್ಟೆ.

ಮೇಲೆ ಬಿಸಿ, ಅಡಿಯಲ್ಲಿ ತಣ್ಣಗೆ.
ಬೆರಳುಗಳು ಒಂದೊಂದೇ ಕೆಸರು ಹಿಡಿದವು.

"ಹೋಗೋಣ್ವಾ?"
ದಂಡೆಯಿಂದ ಕೂಗಿದಳು, ಆಕಳಿಸುತ್ತ.
ಇರು ಮಾರಾಯ್ತಿ,
ಇನ್ನೊಂದು ಕಾಲೂ ಇದೆ.